ಅವ್ವನ ಚುಕ್ಕಿ, ನನ್ನ ಚುಕ್ಕಿ

‘ಭೂಮಿ ಕೊಳ್ಳುವ, ಮಾರುವ ಸರಕಾಗಬಾರದು.’ ಒಪ್ಪುತ್ತೀರಾ, ಇಲ್ಲವಾ?

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಕುಳಿತು, ನಮ್ಮ ರಾಜಕೀಯ ನಿಲುವು ಅಳೆಯುವ ಪೊಲಿಟಿಕಲ್ ಕಂಪಾಸ್ ಎಂಬ ಆನ್‌ಲೈನ್ ಪರೀಕ್ಷೆಯಲ್ಲಿ ಈ ಹೇಳಿಕೆ ಓದಿದಾಗ ಬೆರಳು ಮುಂದೆ ಹೋಗಲಿಲ್ಲ. ಅವ್ವನನ್ನು ಕರೆದು ಕೇಳಿದೆ. ‘ಮಾರ್ತೀರೇನು ಅಂತ ನಮ್ಮನ್ನ ಯಾರ ಕೇಳ್ಯಾರ? ಸರ್ಕಾರ ಕೊಟ್ಟಿತ್ತು, ಸರ್ಕಾರನ ತಗೊಂತು’ ಅಂದಳು.

ಅದು ನಿಜ. ಅಜ್ಜ ಗೇಣಿಗೆ ಉಳುತ್ತಿದ್ದವನು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿದಾರರು ಒಡೆತನ ಕೇಳುವ ಅರ್ಜಿಯಾದ ನಮೂನೆ 7 ತುಂಬಿಕೊಟ್ಟು ಘಟಪ್ರಭೆಯ ದಂಡೆಯ ಹೊಲಕ್ಕೆ ಒಡೆಯನಾದ. ಮುಂದೆ ಅದೇ ಹೊಲ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು ಅದು. ಈಗ ನೋಡಿದರೆ 2020ರ ತಿದ್ದುಪಡಿಯಲ್ಲಿ ಇಂಥವರಿಗೆ ಅಡ್ಡಿಯಾಗಿದ್ದ 79ಎ, 79ಬಿ ಕಲಮುಗಳನ್ನೇ ಕಿತ್ತುಹಾಕಿದ್ದಾರೆ. ರೊಕ್ಕ ಇದ್ದವರು, ರೈತರಲ್ಲದಿದ್ದರೂ, ಹೊಲ ಹಿಡಿಯಬಹುದು. ನಾನು ‘ಬಲವಾಗಿ ಒಪ್ಪುತ್ತೇನೆ’ ಒತ್ತಿದೆ.

ಈ ಪರೀಕ್ಷೆ 2001ರಿಂದ ಇದೆ. 62 ಹೇಳಿಕೆಗಳು, ಪ್ರತಿಯೊಂದಕ್ಕೂ ನಾಲ್ಕೇ ಉತ್ತರ, ನಡುವೆ ನಿಲ್ಲಲು ಜಾಗವಿಲ್ಲ. ಕೊನೆಗೆ ಒಂದು ಚೌಕದಲ್ಲಿ ನಮ್ಮ ಚುಕ್ಕಿ ಮೂಡುತ್ತದೆ. ಅಡ್ಡಗೆರೆ ಆರ್ಥಿಕ ಎಡ–ಬಲ. ಉದ್ದಗೆರೆಯಲ್ಲಿ ಮೇಲಕ್ಕೆ ಅಧಿಕಾರ, ಕೆಳಕ್ಕೆ ಸ್ವಾತಂತ್ರ್ಯ. ಬರೀ ಎಡ–ಬಲ ಅನ್ನುವುದಕ್ಕಿಂತ ಇದು ವಾಸಿ. ಸರ್ಕಾರ ಬಡವರಿಗೆ ಕೊಡಲಿ ಅನ್ನುವವರೆಲ್ಲ ಸರ್ಕಾರದ ದರ್ಪವನ್ನೂ ಒಪ್ಪುತ್ತಾರೆ ಎಂದೇನಿಲ್ಲವಲ್ಲ.

ಅವ್ವ ಅಲ್ಲೇ ಕುಳಿತಳು. ನಾನು ಒಂದೊಂದೇ ಕನ್ನಡದಲ್ಲಿ ಹೇಳುತ್ತ ಹೋದೆ, ಅವಳದೂ ತುಂಬಿದೆ. ‘ತಾಯಂದಿರು ದುಡಿಯಬಹುದು, ಆದರೆ ಮನೆ ನೋಡಿಕೊಳ್ಳುವುದೇ ಮೊದಲ ಕರ್ತವ್ಯ’ ಅನ್ನುವುದು ಬಂತು. ಅವಳ ತವರು ಗುಳೇದಗುಡ್ಡ, ಖಣ ನೇಯುವ ಮನೆತನ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು, ಒಂದು ಕಣ್ಣು ಒಲೆಯ ಮೇಲಿಟ್ಟು ಬೆಳೆದವಳು. ‘ಮಗ್ಗ ಮನ್ಯಾಗನ ಇತ್ತು. ನೇಯ್ದರ ಒಲಿ ಹತ್ತತಿತ್ತು. ಇದರಾಗ ಯಾವುದು ಮೊದಲ, ಯಾವುದು ಆಮ್ಯಾಲ?’ ಅಂತ ನನಗೇ ಕೇಳಿದಳು. ‘ಒಪ್ಪುವುದಿಲ್ಲ’ ಒತ್ತಿಸಿದಳು.

ಕುಡಿಯುವ ನೀರು ಬಾಟಲಿಯ ಸರಕಾದದ್ದು ದುಃಖದ ಸಂಗತಿ ಎಂಬುದಕ್ಕೆ ಇಬ್ಬರೂ ತಡಮಾಡಲಿಲ್ಲ.

ನನಗೆ ಕಾಡಿದ್ದು ಅದರಲ್ಲಿ ಇಲ್ಲದ್ದು. ಜನಾಂಗದ ಬಗ್ಗೆ ಹೇಳಿಕೆ ಇದೆ, ಜಾತಿಯ ಬಗ್ಗೆ ಇಲ್ಲ. ಮೀಸಲಾತಿ ಇಲ್ಲ. ಕೂಡಲಸಂಗಮ ಇರುವ ಜಿಲ್ಲೆಯಲ್ಲಿ ಜಾತಿಯನ್ನು ಹೊರಗಿಟ್ಟು ಯಾರ ರಾಜಕೀಯವನ್ನೂ ಅಳೆಯಲು ಬರುವುದಿಲ್ಲ, ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ. ಒಬ್ಬರ ಹೊಲ ಮುಳುಗಿ ಇನ್ನೊಬ್ಬರ ಹೊಲ ಹಸಿರಾಗುವುದಕ್ಕೂ ಆ ಚೌಕದಲ್ಲಿ ಗೆರೆಯಿಲ್ಲ.

ಇಬ್ಬರ ಚುಕ್ಕಿಯೂ ಕೆಳಗಿನ ಎಡಮೂಲೆಯ ಹಸಿರು ಭಾಗದಲ್ಲಿ ಹತ್ತಿರ ಹತ್ತಿರ ಬಿದ್ದವು. ಆದರೆ ಚುನಾವಣೆ ಬಂದರೆ ನಾವಿಬ್ಬರೂ ಒಂದೇ ಗುಂಡಿ ಒತ್ತುವವರಲ್ಲ. ಆಲಮಟ್ಟಿಯ ಮಾತು ಬಂದರಂತೂ ಮುಗಿದೇ ಹೋಯಿತು. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಿದರೆ ಇನ್ನಷ್ಟು ಊರು ಮುಳುಗುತ್ತವೆ. ಮೊದಲು ಕಳಕೊಂಡವರ ಲೆಕ್ಕ ಚುಕ್ತಾ ಆಗಲಿ ಎಂಬುದು ನನ್ನ ಹಟ. ಅವ್ವನ ಅಕ್ಕ ಇಂಡಿ ಕಡೆ ಇದ್ದಾಳೆ, ಬೇಸಿಗೆಗೆ ಟ್ಯಾಂಕರ್ ಕಾಯುವ ಊರು.

ಅವತ್ತೂ ಅದೇ ಶುರುವಾಯಿತು. ‘ನಮ್ಮಕ್ಕನ ಹೊಲಕ್ಕ ನೀರ ಬ್ಯಾಡನು? ಏರಸ್ಲಿ. ಆದರ ರೊಕ್ಕ ಒಂದ ಸಲಕ್ಕ ಕೈಗೆ ಬರಬೇಕು, ನೀರ ಆಮ್ಯಾಲ ಬರಬೇಕು’ ಅಂದಳು. ಹೊಲ ಕಳಕೊಂಡವಳೇ ಹೀಗೆ ಹೇಳುವಾಗ ನನ್ನ ವಾದ ಅರ್ಧ ಸಡಿಲಾಗುತ್ತದೆ. ಪೂರ್ತಿ ಬಿಟ್ಟುಕೊಡಲು ಮಾತ್ರ ನಾನಿನ್ನೂ ತಯಾರಿಲ್ಲ.