ಕಾಸರಗೋಡಿನ ಮಳೆ ಮತ್ತು ನಮ್ಮ ಅಡುಗೆಮನೆಯ ಟೈಲ್ಸ್ ಸಂದು

ತುಮಕೂರಿನಿಂದ ಕಾಸರಗೋಡಿಗೆ ಬಂದು ಇದು ಮೂರನೇ ಮಳೆಗಾಲ. ಊರಲ್ಲಿ ಮಳೆಗೆ ಕಾಯುತ್ತಿದ್ದೆವು. ಇಲ್ಲಿ ಜೂನ್ ಬಂತೆಂದರೆ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರೊಡೆಯುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ.

ನಮ್ಮ ಬಾಡಿಗೆ ಮನೆಯ ಸಿಂಕ್ ಪಕ್ಕದ ಸಂದಿಗೆ ತುಂಬಿದ ಸಿಲಿಕಾನ್, ಅಂದರೆ ರಬ್ಬರಿನಂಥ ಅಂಟು, ಒಂದು ಕಾಲಕ್ಕೆ ಬೆಳ್ಳಗಿತ್ತಂತೆ. ನಾನು ನೋಡುವಾಗ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಬ್ರಷ್ ಹಾಕಿ ಉಜ್ಜಿದೆ, ಬ್ಲೀಚ್ ಹಚ್ಚಿದೆ. ಮೇಲಿನದು ಹೋಯಿತು, ಒಳಗಿಳಿದದ್ದು ಹೋಗಲಿಲ್ಲ. ಗ್ರಾನೈಟ್ ಕಟ್ಟೆ ಗೋಡೆಗೆ ಸೇರುವ ಕಡೆ ಯಾರೋ ಬಿಳಿ ಸಿಮೆಂಟ್ ತುಂಬಿದ್ದರು. ಅದು ಉದ್ದಕ್ಕೂ ಬಿರುಕು ಬಿಟ್ಟು, ಉಗುರು ತೂರುವಷ್ಟು ಬಾಯಿ ತೆರೆದಿತ್ತು. ಪಾತ್ರೆ ತೊಳೆದ ನೀರು ಅಲ್ಲೇ ಇಳಿದು ಕೆಳಗಿನ ಕಪಾಟಿನ ಹಲಗೆ ಉಬ್ಬಿಕೊಂಡಿತ್ತು.

ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಳಿ ಸಿಮೆಂಟ್ ಕೇಳಿದೆ. ಅಂಗಡಿಯವರು ಮೊದಲು ಮಲಯಾಳದಲ್ಲಿ ಮಾತಾಡಿಸಿದರು, ಆಮೇಲೆ ತುಳುವಿನಲ್ಲಿ. ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು. 1956ರಲ್ಲಿ ಕೇರಳಕ್ಕೆ ಸೇರಿದ ಊರಿನಲ್ಲಿ ಹೀಗೆ ಕನ್ನಡ ಕೇಳಿದಾಗ ನನಗೆ ಈಗಲೂ ಕಣ್ಣು ತುಂಬುತ್ತದೆ.

“ಎಲ್ಲಿಗೆ ಹಾಕ್ಲಿಕ್ಕೆ?” ಅಂದರು. ಹೇಳಿದೆ.

“ಆ ಮೂಲೆಗೆ ಸಿಮೆಂಟ್ ನಿಲ್ಲುದಿಲ್ಲ ಅಕ್ಕ. ಕಟ್ಟೆ ಬೇರೆ, ಗೋಡೆ ಬೇರೆ ಅಲ್ವಾ? ಎರಡೂ ಸ್ವಲ್ಪ ಸ್ವಲ್ಪ ಅಲುಗಾಡ್ತದೆ. ಅಲ್ಲಿಗೆ ಸಿಲಿಕಾನೇ ಬೇಕು. ಗ್ರೌಟ್, ಅಂದ್ರೆ ಸಂದು ತುಂಬುವ ಸಿಮೆಂಟ್, ಟೈಲ್ಸ್ ನಡುವಿನ ಸಂದಿಗೆ ಮಾತ್ರ.”

ವಿನೆಗರ್ ವಾಸನೆಯ ಸಿಲಿಕಾನ್ ಗ್ರಾನೈಟ್‌ಗೆ ಕಲೆ ಮಾಡಬಹುದು ಎಂದು ಬೂಷ್ಟು ತಡೆಯುವ, ಆ ಹುಳಿ ಬಿಡದ ‘ನ್ಯೂಟ್ರಲ್’ ಸಿಲಿಕಾನ್ ಟ್ಯೂಬ್ ಕೊಟ್ಟರು.

ಜಾಸ್ತಿ ಹೊತ್ತು ಹಿಡಿದದ್ದು ಕೀಳುವ ಕೆಲಸ. ಹಳೆ ಸಿಲಿಕಾನ್ ಮೇಲೆ ಹೊಸದು ಅಂಟುವುದಿಲ್ಲ. ಬ್ಲೇಡಿನಲ್ಲಿ ಎರಡೂ ಅಂಚು ಕೊಯ್ದು ಎಳೆದರೆ ರಬ್ಬರ್ ದಾರದ ಹಾಗೆ ಬರುತ್ತದೆ. ಉಳಿದ ಚೂರನ್ನು ಕೆರೆದು, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದೆವು. ಟೈಲ್ಸ್ ನಡುವೆ ಬಿರುಕು ಬಿಟ್ಟ ಗ್ರೌಟನ್ನೂ ಆಳಕ್ಕೆ ಕೆರೆದು ತೆಗೆದೆವು. ಮೇಲೆ ಸುಮ್ನೆ ತೆಳುವಾಗಿ ಬಳಿದರೆ ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ಹೊಸ ಗ್ರೌಟನ್ನು ಅಡ್ಡಡ್ಡ ಒತ್ತಿ ತುಂಬಿ, ಹಿಂಡಿದ ಸ್ಪಂಜಿನಲ್ಲಿ ಒರೆಸಿದ್ದಾಯಿತು.

ಸಿಲಿಕಾನ್ ಗಟ್ಟಿಯಾಗಲು ಗಾಳಿಯ ತೇವವೇ ಬೇಕು, ಹಾಗಾಗಿ ಮಳೆಗಾಲ ಅಂತ ಹೆದರಬೇಕಿಲ್ಲ. ಆದರೆ ಸಂದು ಒಣಗಿರಲೇಬೇಕು. ನಾವು ಎರಡು ದಿನ ಫ್ಯಾನ್ ಇಟ್ಟೆವು. ಮೇಲೂ ಕೆಳಗೂ ಟೇಪ್ ಅಂಟಿಸಿ, ಒಂದೇ ಎಳೆಯಲ್ಲಿ ಹಾಕಿ, ಸೋಪು ನೀರಿನ ಬೆರಳಲ್ಲಿ ಸವರಿ, ಹಸಿ ಇರುವಾಗಲೇ ಟೇಪ್ ಕಿತ್ತೆವು. ಆ ಗೆರೆ ಎಷ್ಟು ಚೆಂದ ಬಂತು ಅಂದರೆ, ಒಲೆ ಹಚ್ಚದೆ ಸ್ವಲ್ಪ ಹೊತ್ತು ನೋಡುತ್ತಲೇ ನಿಂತಿದ್ದೆ. ಒಂದು ಪೂರ್ತಿ ದಿನ ಸಿಂಕಿಗೆ ನೀರು ಬಿಡಲಿಲ್ಲ. ಪಾತ್ರೆಯೆಲ್ಲ ಬಾವಿಕಟ್ಟೆಯಲ್ಲಿ.

ಟ್ಯೂಬಿನಲ್ಲಿ ಇನ್ನೂ ಅರ್ಧ ಇದೆ. ಮೂತಿ ಕತ್ತರಿಸಿದ ಮೇಲೆ ಜಾಸ್ತಿ ದಿನ ಇಟ್ಟರೆ ಗಟ್ಟಿಯಾಗುತ್ತದೆ. ಪಕ್ಕದ ಮನೆಯ ಚೇಚಿಯ (ಮಲಯಾಳದಲ್ಲಿ ಅಕ್ಕ) ಸಿಂಕ್ ಸಂದೂ ಕಪ್ಪಾಗಿದೆ. ಈ ಭಾನುವಾರ ಬ್ಲೇಡ್ ಹಿಡಿದು ಅಲ್ಲಿಗೆ ಹೋಗುತ್ತೇವೆ.