ಎಂಟಿಬಿಯಲ್ಲಿ 200 ಕಿ.ಮೀ.

ಬ್ರೆವೆ ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. 200 ಕಿ.ಮೀ. ಬ್ರೆವೆಗೆ ಹದಿಮೂರೂವರೆ ಗಂಟೆ ಸಿಗುತ್ತದೆ. ರೋಡ್ ಬೈಕೇ ಬೇಕೆಂದಿಲ್ಲ, ಎಂಟಿಬಿಯಲ್ಲೂ, ಅಂದರೆ ಗುಡ್ಡಗಾಡಿಗೆಂದು ಮಾಡಿದ ಮೌಂಟನ್ ಬೈಕಿನಲ್ಲೂ, ಆರಾಮಾಗಿ ಮುಗಿಸಬಹುದು. ಅಂಗಡಿಯಿಂದ ತಂದ ಹಾಗೇ ಮಾತ್ರ ಹೊರಡಬೇಡಿ.

ಕೊಳ್ಳುವುದಾದರೆ ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲ್ ಸಾಕು. ಮುಂದಿನ ಫೋರ್ಕಿಗೆ ಲಾಕೌಟ್ (ಸಸ್ಪೆನ್ಷನ್ ಕುಸಿಯದಂತೆ ಬಿಗಿಯುವ ವ್ಯವಸ್ಥೆ) ಇರಲೇಬೇಕು. ಇಲ್ಲದಿದ್ದರೆ ಏರಿನಲ್ಲಿ ಎದ್ದು ತುಳಿದಾಗೆಲ್ಲ ಫೋರ್ಕ್ ಕುಸಿದು ಶಕ್ತಿ ಅಲ್ಲೇ ಪೋಲು.

ಮೊದಲು ಬದಲಿಸಬೇಕಾದ್ದು ಟೈರ್. 2.25 ಇಂಚಿನ ಗುಬಟು ಟೈರು ಡಾಂಬರಿನ ಮೇಲೆ ಗುಂಯ್ ಅನ್ನುತ್ತಲೇ ಕಾಲಿನ ಕಸುವು ತಿನ್ನುತ್ತದೆ. ರಿಮ್ಮಿನ ಅಗಲ ನೋಡಿಕೊಂಡು 1.75ರ ನುಣುಪು ಟೈರ್ ಹಾಕಿಸಿ, 50 ಪಿಎಸ್‌ಐ ಆಸುಪಾಸು ಗಾಳಿ ತುಂಬಿ. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿ ಮೀರಬೇಡಿ.

ಇನ್ನು ಸೀಟು. ಪೆಡಲ್ ತೀರ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಮೊಣಕಾಲು ಪೂರ್ತಿ ನೇರವಾಗಬೇಕು. ಮಂಡಿಚಿಪ್ಪಿನ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗು. ಮಂಡಿಯ ಹಿಂದೆ ಎಳೆದಂತಾದರೆ ಎತ್ತರ. ಒಂದು ಸಲಕ್ಕೆ ನಾಲ್ಕೇ ಮಿಲಿಮೀಟರ್ ಸರಿಸಿ, ಸೀಟ್‌ಪೋಸ್ಟಿಗೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತಿಡಿ. ನಾಲ್ಕು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ನಿಮಿಷಕ್ಕೆ 75 ಸುತ್ತಿನಂತೆ ಹತ್ತು ಗಂಟೆ ತುಳಿದರೆ ಒಂದೊಂದು ಮೊಣಕಾಲೂ 45,000 ಸಲ ಮಡಚುತ್ತದೆ! ಪಾಪ, ಅದರ ಮೇಲೆ ಅಷ್ಟಾದರೂ ಕಾಳಜಿ ಬೇಡವೇ?

ಕಿರುಬೆರಳು ಜೋಮು ಹಿಡಿಯುವುದು ನೇರ ಹ್ಯಾಂಡಲ್‌ಬಾರಿನಲ್ಲಿ ಅಂಗೈ ಒಂದೇ ಕಡೆ ಒತ್ತುವುದರಿಂದ. ಹ್ಯಾಂಡಲ್ ತುದಿಗೆ ಕೂರುವ ಕೊಂಬಿನಂಥ ಹಿಡಿಕೆ, ಬಾರ್‌ಎಂಡ್, ಹಾಕಿಸಿದರೆ ಹಿಡಿತ ಬದಲಿಸುತ್ತಿರಬಹುದು.

ಬ್ಯಾಗಿನಲ್ಲಿ ಎರಡು ಟ್ಯೂಬ್, ಪಂಪ್, ಚೈನ್ ಲಿಂಕ್. ಜೊತೆಗೆ ನಿಮ್ಮದೇ ಫ್ರೇಮಿನ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರು ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ಕೊಂಡಿ) ಒಂದು. ಒಂದು ಸೈಕಲ್ಲಿನದ್ದು ಇನ್ನೊಂದಕ್ಕೆ ಕೂರುವುದು ಅಪರೂಪ.