ಆಕೃತಿ ತಿರುಗಿದಷ್ಟೂ ಮಿದುಳಿಗೆ ಕೆಲಸ

ಘನಗಳನ್ನು ಜೋಡಿಸಿದಂತೆ ಬಿಡಿಸಿರುವ ಎರಡು ಚಿತ್ರಗಳನ್ನು ನೋಡಿ, ಅವು ಒಂದೇ ವಸ್ತುವಿನ ಎರಡು ನೋಟಗಳೋ ಅಥವಾ ಒಂದು ಮತ್ತೊಂದರ ಕನ್ನಡಿಬಿಂಬವೋ ಎಂದು ಹೇಳಬೇಕಾದಾಗ, ನನಗೆ ಅರಿವಿಲ್ಲದೆಯೇ ನನ್ನ ತಲೆ ಒಂದು ಕಡೆಗೆ ವಾಲುತ್ತದೆ. ಈ ಒಗಟನ್ನು ಪ್ರಯೋಗಶಾಲೆಗೆ ತಂದವರು ಮನೋವಿಜ್ಞಾನಿಗಳಾದ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್. 1971ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಎರಡು ಚಿತ್ರಗಳ ನಡುವಿನ ಕೋನ ಹೆಚ್ಚಿದಂತೆಲ್ಲ ಉತ್ತರಕ್ಕೆ ಬೇಕಾದ ಸಮಯವೂ ಅದೇ ಪ್ರಮಾಣದಲ್ಲಿ ಹೆಚ್ಚಿತು. ಸೆಕೆಂಡಿಗೆ ಸುಮಾರು 60 ಡಿಗ್ರಿಯ ವೇಗದಲ್ಲಿ ಮನಸ್ಸು ಆ ವಸ್ತುವನ್ನು ತಿರುಗಿಸುತ್ತಿರುವಂತೆ ಕಂಡಿತು. ಹೀಗಾಗಿ ಕೋನವನ್ನು ಬದಲಿಸಿದರೆ ಸಾಕು, ಮಾನಸಿಕ ಹೊರೆಯನ್ನು ಬೇಕಾದಷ್ಟು ಏರಿಸಬಹುದು, ಇಳಿಸಬಹುದು.

ಹೊರೆ ಏರಿದಾಗ ಮಿದುಳಿನ ಚಟುವಟಿಕೆಯೂ ಎಲ್ಲೆಡೆ ಏರುತ್ತದೆ ಎಂದು ನಾನು ಬಹಳ ಕಾಲ ಭಾವಿಸಿದ್ದೆ. ಆದರೆ ನೆತ್ತಿಯ ಮೇಲೆ ಅಂಟಿಸಿದ ವಿದ್ಯುದ್ವಾರಗಳಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಹೇಳುವುದು ಅಷ್ಟು ಸರಳವಾಗಿಲ್ಲ. ಸಾಮಾನ್ಯವಾಗಿ ಹಣೆಯ ನಡುಭಾಗದಲ್ಲಿ ಸೆಕೆಂಡಿಗೆ 4ರಿಂದ 8 ಬಾರಿ ಏರಿಳಿಯುವ ಥೀಟಾ ಅಲೆಗಳು ಬಲಗೊಳ್ಳುತ್ತವೆ. ಅದೇ ಹೊತ್ತಿಗೆ ತಲೆಯ ಹಿಂಭಾಗದಲ್ಲಿ 8ರಿಂದ 12 ಬಾರಿ ಏರಿಳಿಯುವ ಆಲ್ಫಾ ಅಲೆಗಳು ಕುಗ್ಗುತ್ತವೆ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ವರದಿ ಮಾಡಿದ ಈ ಆಲ್ಫಾ, ಕಣ್ಣು ಮುಚ್ಚಿ ವಿರಮಿಸುವವರಲ್ಲಿ ಎದ್ದು ಕಾಣುತ್ತದೆ, ಕಣ್ಣು ತೆರೆದೊಡನೆ ತಗ್ಗುತ್ತದೆ. ಆದ್ದರಿಂದ ಇಲ್ಲಿ ಅಲೆ ಕುಗ್ಗಿತೆಂದರೆ ಆ ಭಾಗ ದಣಿದು ಮಲಗಿತೆಂದಲ್ಲ, ಕೆಲಸಕ್ಕೆ ತೊಡಗಿತೆಂದು ಅರ್ಥ. ‘ಮಿದುಳು ಬೆಳಗಿತು’ ಎಂಬ ಸುದ್ದಿಶೀರ್ಷಿಕೆಗಳ ಬಗ್ಗೆ ನನಗೆ ತಕರಾರಿರುವುದು ಇದೇ ಕಾರಣಕ್ಕೆ.

ರಕ್ತದ ಆಮ್ಲಜನಕದ ಏರಿಳಿತದಿಂದ ಮಿದುಳಿನ ಚಟುವಟಿಕೆಯನ್ನು ಅಂದಾಜಿಸುವ ಎಫ್‌ಎಂಆರ್‌ಐ ಚಿತ್ರಗಳಲ್ಲಿ ಕೋನ ಹೆಚ್ಚಿದಂತೆ ನೆತ್ತಿಯ ಹಿಂಬದಿಯ ಪರೈಟಲ್ ಭಾಗದ ಸಂಕೇತ ಏರುವುದು ಕಾಣುತ್ತದೆ. ಆದರೆ ಆ ಏರಿಕೆಗೂ ಮಿತಿಯುಂಟು. ಕಂಡ ವಸ್ತುಗಳನ್ನು ಕ್ಷಣಕಾಲ ನೆನಪಿನಲ್ಲಿಡುವ ಪ್ರಯೋಗಗಳಲ್ಲಿ, ವಸ್ತುಗಳ ಸಂಖ್ಯೆ ಮೂರು ನಾಲ್ಕನ್ನು ದಾಟಿದ ಮೇಲೆ ಇದೇ ಭಾಗದ ಸಂಕೇತ ಹೆಚ್ಚುವುದನ್ನು ನಿಲ್ಲಿಸಿ ಸಮತಟ್ಟಾಗುತ್ತದೆ. ಸಂಕೇತ ಅಲ್ಲಿಗೇ ನಿಂತಿದ್ದರೂ ಹೊರೆ ಏರುತ್ತಲೇ ಇರಬಹುದು.

ಅಭ್ಯಾಸವು ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತದೆ. ರಿಚರ್ಡ್ ಹೇಯರ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲಿಂದ ಬೀಳುವ ಆಕೃತಿಗಳನ್ನು ತಿರುಗಿಸಿ ಜೋಡಿಸುವ ಟೆಟ್ರಿಸ್ ಎಂಬ ಕಂಪ್ಯೂಟರ್ ಆಟವನ್ನು ಹಲವು ವಾರ ಆಡಿದವರು ಮೊದಲಿಗಿಂತ ಎಷ್ಟೋ ಚುರುಕಾಗಿದ್ದರೂ ಅವರ ಮಿದುಳಿನ ಹೊರಪದರ ಬಳಸಿದ ಗ್ಲೂಕೋಸ್ ಕಡಿಮೆಯಾಗಿತ್ತು. ನನ್ನ ಅನುಭವವೂ ಇದಕ್ಕೆ ಹತ್ತಿರವಾಗಿದೆ: ಪದೇ ಪದೇ ನೋಡಿದ ಆಕೃತಿಗಳನ್ನು ನಾನು ಈಗ ತಿರುಗಿಸುವುದೇ ಇಲ್ಲ, ಕಂಡೊಡನೆ ಗುರುತಿಸುತ್ತೇನೆ, ಹೊಸದೊಂದು ಎದುರಾದಾಗ ಮಾತ್ರ ತಲೆ ಮತ್ತೆ ವಾಲುತ್ತದೆ.